ಒತ್ತಕ್ಷರ ಕೇಳುವ ಜಾಗ

ನಿನ್ನೆ ರಾತ್ರಿ ಬಡಾವಣೆಯ ರಾಜ್ಯೋತ್ಸವಕ್ಕೆಂದು 24 ಹೆಸರುಚೀಟಿಗಳನ್ನು ಚಿತ್ರವಿನ್ಯಾಸದ ತಂತ್ರಾಂಶವಾದ ಇಂಕ್‌ಸ್ಕೇಪ್‌ನಲ್ಲಿ ಸಿದ್ಧಪಡಿಸುತ್ತ ಕುಳಿತಿದ್ದೆ. ಚೌಕಗಳನ್ನು ಹೊಂದಿಸುವುದು ಕ್ಷಣದ ಕೆಲಸವಾಯಿತು. ಎಲ್ಲವನ್ನೂ ಆಯ್ಕೆ ಮಾಡಿ, 6 ಅಡ್ಡಸಾಲು, 4 ಕಂಬಸಾಲು, ನಡುವೆ 5 ಮಿಲಿಮೀಟರ್ ಅಂತರ ಎಂದು ನಮೂದಿಸಿದೊಡನೆ ಅವು ಪ್ರಾರ್ಥನೆಗೆ ನಿಂತ ಶಾಲಾ ಮಕ್ಕಳಂತೆ ಸಾಲುಗಟ್ಟಿದವು.

ತೊಡಕು ಹುಟ್ಟಿದ್ದು ಹೆಸರುಗಳಲ್ಲಿ. ಒಂದು ಸಾಲಿನ ಹೆಸರುಗಳನ್ನು ಮಧ್ಯಕ್ಕೆ ಹೊಂದಿಸುವ ಗುಂಡಿ ಒತ್ತಿದಾಗ 'ರಮಾ' ನೆಟ್ಟಗೆ ನಿಂತರೆ, 'ಪುಟ್ಟಸ್ವಾಮಿ' ಮಾತ್ರ ತುಸು ಮೇಲಕ್ಕೆ ಜಿಗಿದಂತೆ ಕಾಣುತ್ತಿತ್ತು. ತಂತ್ರಾಂಶವು ಅಕ್ಷರವನ್ನು ಓದುವುದಿಲ್ಲ. ಅದರ ಸುತ್ತ ಕಣ್ಣಿಗೆ ಕಾಣದ ಆಯತವೊಂದನ್ನು ಕಲ್ಪಿಸಿಕೊಂಡು, ಆ ಆಯತದ ನಡುಬಿಂದುವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಟಕಾರ, ವಕಾರಗಳ ಒತ್ತುಗಳು ಆ ಆಯತವನ್ನು ಕೆಳಕ್ಕೆ ಹಿಗ್ಗಿಸುವುದರಿಂದ ನಡುಬಿಂದುವೂ ಕೆಳಗಿಳಿಯುತ್ತದೆ, ಅದನ್ನು ಸರಿದೂಗಿಸಲು ಇಡೀ ಹೆಸರು ಮೇಲೇರುತ್ತದೆ. ಗಣಿತದ ದೃಷ್ಟಿಯಿಂದ ಅದು ತಪ್ಪಲ್ಲ, ನೋಡುವವರ ಕಣ್ಣಿಗೆ ಮಾತ್ರ ತಪ್ಪು.

ಪಠ್ಯಗಳನ್ನು ತಳರೇಖೆಗೆ, ಎಂದರೆ ಒತ್ತುಗಳನ್ನು ಬಿಟ್ಟು ಮೂಲ ಅಕ್ಷರಗಳು ಕೂರುವ ಗೆರೆಗೆ, ಹೊಂದಿಸುವ ಬೇರೆಯೇ ಗುಂಡಿ ಅದೇ ಫಲಕದಲ್ಲಿದೆ ಎಂಬುದು ನನಗೆ ನೆನಪಾದದ್ದು, ಅರ್ಧ ಗಂಟೆ ಒಂದೊಂದೇ ಹೆಸರನ್ನು ಕೈಯಾರೆ ಸರಿಸಿ ಸೋತ ಮೇಲೆ! ಅದನ್ನು ಬಳಸಿದ ನಂತರವೂ ಒತ್ತುಗಳು ಚೌಕದ ಕೆಳ ಅಂಚಿಗೆ ತೀರಾ ಸಮೀಪವಾದ್ದರಿಂದ, ಪ್ರತಿ ಸಾಲನ್ನೂ 1 ಮಿಲಿಮೀಟರ್ ಮೇಲಕ್ಕೆ ಎತ್ತಿದೆ. ಆ ಒಂದು ಮಿಲಿಮೀಟರನ್ನು ಯಾವ ಗುಂಡಿಯೂ ಸೂಚಿಸಲಿಲ್ಲ. ಅಚ್ಚಿನ ಮೊಳೆಗಳನ್ನು ಜೋಡಿಸುತ್ತಿದ್ದವರಿಗೆ ಒತ್ತಕ್ಷರ ಕೇಳುವ ಜಾಗದ ಅರಿವು ಬೆರಳಲ್ಲೇ ಇದ್ದಿರಬೇಕು ಎಂದು ಆಗ ಅನಿಸಿತು.

ಚೀಟಿಗಳು ಬೆಳಿಗ್ಗೆ ಮುದ್ರಣಕ್ಕೆ ಹೋದವು.