ಪಾಂಡವಪುರದ ಬಸ್ಸಿನಲ್ಲಿ ಸಿಕ್ಕ ಸಿಸ್ಟರ್

ಮೈಸೂರಿನ ಬಗ್ಗೆ ಜಾಸ್ತಿ ಬರೆಯಲ್ಲ. ಅರಮನೆ, ಝೂ, ದೋಸೆ ಎಲ್ಲ ನಿಮಗೆ ಗೊತ್ತಿರುವುದೇ. ಸಂತ ಫಿಲೋಮಿನಾ ಚರ್ಚ್ ಮಾತ್ರ ನಿಜಕ್ಕೂ ಇಷ್ಟವಾಯಿತು. 1933ರಲ್ಲಿ ನಾಲ್ವಡಿಯವರು ಅಡಿಗಲ್ಲು ಹಾಕಿದ್ದು, ಜರ್ಮನಿಯ ಕಲೋನ್ ಚರ್ಚಿನ ಮಾದರಿ, 175 ಅಡಿಯ ಜೋಡಿ ಗೋಪುರ. ಹೊರಗಿನ ಸೆಲ್ಫಿ ಗಲಾಟೆ ಸಹಿಸಿಕೊಂಡರೆ ಒಳಗೆ ತಂಪಾಗಿ ಕೂರಬಹುದು.

ಮಾರನೇ ದಿನ ಶ್ರೀರಂಗಪಟ್ಟಣ. ಟಿಪ್ಪು ಸತ್ತ ಮೇಲೆ ಇಲ್ಲಿಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬೆ, ಸಿಡುಬಿಗೆ ಲಸಿಕೆ ಹಾಕಿಸಲು ಓಡಾಡಿದವರು. ಗಂಜಾಂನಲ್ಲಿರುವ ಅವರ ಹೆಸರಿನ ಚರ್ಚ್ ನೋಡಬೇಕಿತ್ತು. ಆಟೋದವನು ಹೋಗಿ ಬರೋಕೆ ಅಂತ ದುಡ್ಡು ಮಾತಾಡಿ, ನಿಮಿಷಾಂಬ ದೇವಸ್ಥಾನದ ಹತ್ತಿರ ಇಳಿಸಿ, 'ಚರ್ಚ್ ಬಾಗಿಲು ಹಾಕಿರ್ತಾರೆ' ಅಂತ ಹೇಳಿ ಪೂರ್ತಿ ದುಡ್ಡು ಕಿತ್ತುಕೊಂಡು ಹೊರಟೇಬಿಟ್ಟ. ನೀವು ಹೋದರೆ ಕೊನೆ ಜಾಗ ನೋಡಿಯೇ ದುಡ್ಡು ಕೊಡಿ. ಇನ್ನೂ ಹೊಟ್ಟೆ ಉರಿಯುತ್ತೆ.

ಅದೇ ಸಿಟ್ಟಿನಲ್ಲಿ ಮೇಲುಕೋಟೆ ಬಸ್ಸು ಹತ್ತಿದೆ. ಪಕ್ಕದಲ್ಲಿ ಬಿಳಿ ಸೀರೆಯ, ಅರವತ್ತು ದಾಟಿದ ಸಿಸ್ಟರ್, ತೊಡೆಯ ಮೇಲೆ ಪ್ಲಾಸ್ಟಿಕ್ ಫೈಲು. ಮುಂದಿನ ಸೀಟಿನಲ್ಲಿ ಒಬ್ಬ ಹೆಂಗಸು, ಮಡಿಲಲ್ಲಿ ಮಗು. ಇಬ್ಬರೂ ಇವರ ಜೊತೆಗೇ ಬಂದವರು.

'ಯಾವ ಶಾಲೆ ಸಿಸ್ಟರ್?' ಅಂದೆ. ಸಿಸ್ಟರ್ ಅಂದರೆ ಟೀಚರ್ ಅಥವಾ ನರ್ಸ್ ಅಂತಲೇ ನನ್ನ ತಲೆಯಲ್ಲಿ ಇದ್ದದ್ದು.

'ಶಾಲೆ ಬಿಟ್ಟು ಬಾಳ ವರ್ಷ ಆಯ್ತು ಕಣಮ್ಮ. ಈಗ ಕಚೇರಿ ಸುತ್ತೋದೇ ಕೆಲಸ.' ಊರು ಕೇರಳವಂತೆ, ಮಾತು ಪಕ್ಕಾ ಮಂಡ್ಯದ್ದು.

ಆ ಹೆಂಗಸು ಗಂಡನ ಜೊತೆ ಇಟ್ಟಿಗೆ ಗೂಡಿನಲ್ಲಿದ್ದವಳು. ಮುಂಗಡ ತಗೊಂಡಿದ್ದಾರೆ, ಅದು ತೀರೋದೇ ಇಲ್ಲ, ತೀರೋ ತನಕ ಹೊರಗೆ ಹೋಗೋ ಹಾಗಿಲ್ಲ. ಈಗ ಎಸಿ, ಅಂದರೆ ಉಪವಿಭಾಗಾಧಿಕಾರಿ, ಕಚೇರಿಯಲ್ಲಿ ಹೇಳಿಕೆ ಕೊಡಬೇಕು. ಜೀತ ಪದ್ಧತಿ 1976ರ ಕಾಯ್ದೆಯಲ್ಲೇ ಮುಗಿಯಿತಲ್ವಾ ಅಂದೆ. ಸಿಸ್ಟರ್ ನಕ್ಕರು. ಆಮೇಲೆ ಪಾಂಡವಪುರದ ತನಕ ಅವರೇ ಪಾಠ ಮಾಡಿದರು. ಆ ಕಾಯ್ದೆ ಪ್ರಕಾರ ಜೀತದ ಸಾಲ ಸಾಲವೇ ಅಲ್ಲ, ತೀರಿಸಬೇಕಾಗಿಲ್ಲ. ಜೀತ ಅಲ್ಲ ಅಂತ ಸಾಬೀತು ಮಾಡಬೇಕಾದ್ದು ಮಾಲೀಕ, ಕೂಲಿಯವರಲ್ಲ. ಆದರೆ ಎಸಿ ಅಥವಾ ಡಿಸಿ ಸಹಿ ಮಾಡಿದ ಬಿಡುಗಡೆ ಪತ್ರ ಕೈಗೆ ಬರಬೇಕು. 2016ರ ಕೇಂದ್ರ ಯೋಜನೆಯಲ್ಲಿ ಗಂಡಸಿಗೆ 1 ಲಕ್ಷ, ಹೆಂಗಸರಿಗೂ ಮಕ್ಕಳಿಗೂ 2 ಲಕ್ಷ ಪುನರ್ವಸತಿ ಅಂತಿದೆ. ಕೈಗೆ ಬೇಗ ಬರೋದು ತುರ್ತು ನೆರವು ಮಾತ್ರ, ಉಳಿದದ್ದು ಮಾಲೀಕನಿಗೆ ಶಿಕ್ಷೆ ಆದ ಮೇಲೆ. 'ಕೇಸು ಮುಗಿಯೋ ತನಕ ಇವರು ಏನು ತಿನ್ನಬೇಕು ಹೇಳಿ' ಅಂದಾಗ ಮೊದಲ ಸಲ ಅವರ ದನಿ ಏರಿತು. ದೇವರ ಹೆಸರು ಒಂದು ಸಲವೂ ಎತ್ತಲಿಲ್ಲ. ನಾನು ಉಪದೇಶ ಕೇಳೋಕೆ ರೆಡಿಯಾಗಿ ಕೂತಿದ್ದೆ!

ಫೈಲಿನ ಒಳಬದಿಗೆ ಒಬ್ಬ ಸನ್ಯಾಸಿನಿಯ ಸಣ್ಣ ಚಿತ್ರ ಅಂಟಿಸಿತ್ತು. ಯಾರು ಅಂತ ಕೇಳಿದೆ. ರಾಣಿ ಮರಿಯಾ, ಎರ್ನಾಕುಲಂ ಜಿಲ್ಲೆಯ ಪುಲ್ಲುವಳಿಯವರು, ಫ್ರಾನ್ಸಿಸ್ಕನ್ ಕ್ಲಾರಿಸ್ಟ್ ಸಭೆಯವರು. ಮಧ್ಯಪ್ರದೇಶದ ಉದಯನಗರದಲ್ಲಿ ಭೂಮಿ ಇಲ್ಲದವರನ್ನು ಸಂಘಟಿಸಿ, ಬಡ್ಡಿ ಸಾಲದವರ ಹಿಡಿತದಿಂದ ಬಿಡಿಸಲು ಓಡಾಡುತ್ತಿದ್ದರು. 1995ರ ಫೆಬ್ರವರಿ 25ರಂದು ಇಂದೋರ್ ಕಡೆ ಹೊರಟಿದ್ದ ಬಸ್ಸಿನಲ್ಲೇ ಸಮಂದರ್ ಸಿಂಗ್ ಎನ್ನುವವನು ಅವರನ್ನು ಇರಿದು ಕೊಂದ. ಪ್ರಯಾಣಿಕರು ಎದುರಿಗೇ ಇದ್ದರು. ರಾಣಿ ಮರಿಯಾರ ತಂಗಿ, ಅವರೂ ಸಿಸ್ಟರ್, 2002ರಲ್ಲಿ ಜೈಲಿಗೆ ಹೋಗಿ ಅವನಿಗೆ ರಾಖಿ ಕಟ್ಟಿದರು. 2006ರಲ್ಲಿ ಅವನ ಬಿಡುಗಡೆಯಾಯಿತು. ಚರ್ಚ್ 2017ರಲ್ಲಿ ರಾಣಿ ಮರಿಯಾರನ್ನು ಪುನೀತೆ ಎಂದು ಸಾರಿತು, ಅಂದರೆ ಸಂತ ಪದವಿಗೆ ಹಿಂದಿನ ಮೆಟ್ಟಿಲು.

ರಾಖಿ ವಿಷಯ ನನಗೆ ಈಗಲೂ ಒಳಗೆ ಇಳಿದಿಲ್ಲ. ಹಾಗೇ ಹೇಳಿದೆ. ಸಿಸ್ಟರ್ ಸುಮ್ನೆ ತಲೆಯಾಡಿಸಿ, 'ನಂಗೂ ಕಷ್ಟವೇ' ಅಂದರು. ನನಗೆ ಅವರ ಮೇಲೆ ನಂಬಿಕೆ ಹುಟ್ಟಿದ್ದು ಆ ಮಾತಿಗೆ.

ಪಾಂಡವಪುರದಲ್ಲಿ ನಾನೂ ಇಳಿದೆ. ಟೀ ಕುಡಿಯುವಾಗ, 'ಒಳಗೆ ನೀವೇ ಮಾತಾಡ್ತೀರಾ?' ಅಂದೆ.

'ನಾನ್ಯಾಕೆ? ನಾನು ಹೇಳಿದ್ರೆ ಸಿಸ್ಟರ್ ಹೇಳ್ಕೊಟ್ಟಿದ್ದು ಅಂತಾರೆ. ಅವಳೇ ಹೇಳ್ಬೇಕು. ನಾನು ಮಗು ಎತ್ಕೊಂಡು ಹೊರಗೆ ಕೂರ್ತೀನಿ.'

ಅಷ್ಟರಲ್ಲಿ ಆ ಹೆಂಗಸು, ಬಸ್ಸಿಡೀ ತುಟಿ ಬಿಚ್ಚದವಳು, 'ಸಿಸ್ಟರಮ್ಮ, ತಾರೀಕು ಕೇಳುದ್ರೆ ಹಬ್ಬದ್ ಲೆಕ್ಕದಲ್ಲಿ ಹೇಳ್ಲಾ?' ಅಂದಳು. ಯುಗಾದಿಗೆ ಗೂಡಿಗೆ ಸೇರಿದ್ದು, ಮಾರ್ಲಮಿ ಹೊತ್ತಿಗೆ ಮಗು ಹುಟ್ಟಿದ್ದು. ಹಾಗೇ ಹೇಳು ಅಂದರು ಸಿಸ್ಟರ್. ಲೋಟ ಇಟ್ಟು ಮೂವರೂ ಕಚೇರಿ ಕಡೆ ಹೊರಟರು.

ಮೇಲುಕೋಟೆ ಪುಳಿಯೋಗರೆ ಚೆನ್ನಾಗಿತ್ತು, ಆದರೆ ಮಧ್ಯಾಹ್ನ ತಡವಾಗಿ ಹೋದರೆ ತಳದ್ದೇ ಸಿಗೋದು.