ಬಸ್ಸಲ್ಲಿ ಬರ್ಬೇಕಿತ್ತಲ್ಲ ಅಕ್ಕ

ಈ ಗುರುವಾರ ನಮ್ಮ ಆಸ್ಪತ್ರೆಯಲ್ಲಿ ಮಕ್ಕಳ ಇಂಜೆಕ್ಷನ್ ದಿನ. ಒಂದೂವರೆ ತಿಂಗಳ ಮಗುವಿಗೆ ತೊಡೆಗೆ ಸೂಜಿ ಹಾಕಿಸಿದ ತಾಯಿ, ಅದರ ಅಳು ನಿಲ್ಲಿಸಲು ಮೂಲೆಯ ಬೆಂಚಿನಲ್ಲಿ ಕೂತು ರವಿಕೆಯ ಹುಕ್ಕು ಬಿಚ್ಚಿದಳು. ಒಳಗಿಂದ ಮಲ್ಲಿಗೆ ಹೂ ಉದುರಿತು. ಒಂದಲ್ಲ ಎರಡಲ್ಲ, ಅಂಚು ಕಂದಾಗಿ ಬಾಡಿ ಬೆವರು ಹಾಲಿನಲ್ಲಿ ನೆಂದ ಹತ್ತಿಪ್ಪತ್ತು ಹೂಗಳು. ಒಂದು ಮಗುವಿನ ಕೆನ್ನೆಗೆ ಅಂಟಿಕೊಂಡಿತು. ಹುಳಿ ಬಂದ ಹಾಲಿನ ವಾಸನೆಯೂ ಮಲ್ಲಿಗೆಯ ಘಮವೂ ಒಟ್ಟಿಗೆ ಬಂದವು.

"ಏನಮ್ಮಾ ಇದು?" ಎಂದದ್ದಕ್ಕೆ ತಲೆ ಎತ್ತದೆ ಹೇಳಿದಳು: "ಬಸ್ಸಲ್ಲಿ ಬರ್ಬೇಕಿತ್ತಲ್ಲ ಅಕ್ಕ."

ಪಕ್ಕದಲ್ಲಿದ್ದ ದೊಡ್ಡಮ್ಮ ಉಳಿದದ್ದನ್ನು ಹೇಳಿದರು. "ಹಾಲು ಸೋರಿ ರವ್ಕೆ ಎಲ್ಲಾ ನೆಂದೋಗ್ತದೆ ಕಣವ್ವ, ಹೊತ್ತಿಗೆ ನಾಕು ರವ್ಕೆ ಬದ್ಲಾಯ್ಸ್ತಾಳೆ. ಎಲ್ರೂ ನೋಡ್ತಾರೆ. ನಾನೇ ರಾತ್ರಿ ದಂಡೆ ಕಟ್ಟಿದ್ದು."

ಮಲ್ಲಿಗೆ ಸುಮ್ಮನೆ ಕಟ್ಟುವ ಹೂವಲ್ಲ. ದಕ್ಷಿಣ ಭಾರತದಲ್ಲಿ ಹಿಂದಿನಿಂದಲೂ ಹಾಲು ಬತ್ತಿಸಲು, ಮಗು ಉಳಿಯದಿದ್ದಾಗ, ಹಾಲು ಬಿಡಿಸುವಾಗ, ಎದೆಗೆ ಮಲ್ಲಿಗೆ ಕಟ್ಟುವ ರೂಢಿ ಇದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಇದನ್ನು ಹಾಲು ನಿಲ್ಲಿಸುವ ಬ್ರೋಮೊಕ್ರಿಪ್ಟಿನ್ ಮಾತ್ರೆಯ ಜೊತೆ ಹೋಲಿಸಿ ನೋಡಿ 1988ರಲ್ಲಿ ಪ್ರಕಟಿಸಿದರು. ಹೂ ಕಟ್ಟಿದವರಲ್ಲೂ ಮಾತ್ರೆ ನುಂಗಿದವರಲ್ಲೂ ಹಾಲು ತಯಾರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ಇಳಿದಿತ್ತು. ಮಾತ್ರೆಯಲ್ಲಿ ಇಳಿತ ಹೆಚ್ಚು. ಅಂದರೆ ದೊಡ್ಡಮ್ಮನಿಗೆ ಗೊತ್ತಿದ್ದ ಮದ್ದು ಸುಳ್ಳಲ್ಲ. ಅದು ಸೋರಿಕೆಯ ಮದ್ದಲ್ಲ, ಹಾಲಿನ ಬಾಗಿಲು ಹಾಕುವ ಮದ್ದು. ಆರು ವಾರದ ಮಗು ಮಡಿಲಲ್ಲಿರುವಾಗ ಅದನ್ನು ಕಟ್ಟಿದ್ದೇ ತಪ್ಪು. ಮೇಲಾಗಿ ಪೇಟೆಯ ಹೂವಿಗೆ ಔಷಧಿ ಹೊಡೆದಿರುತ್ತಾರೆ, ಅದು ನೇರ ಮಗುವಿನ ಬಾಯಿಗೆ.

ಒಂದು ರಾತ್ರಿ ಕಟ್ಟಿದ್ದಕ್ಕೆ ಹಾಲು ಬತ್ತಿಹೋಗುವುದಿಲ್ಲ. ಹೂ ತೆಗೆದು, ಎದೆಯನ್ನು ಬರೀ ನೀರಿನಲ್ಲಿ ತೊಳೆದು, ಎಂದಿನಂತೆ ದಿನಕ್ಕೆ 8ರಿಂದ 12 ಸಲ ಹಾಲೂಡಿಸಿದರೆ ಸಾಕು. ಅದು ಅಲ್ಲಿಗೆ ಮುಗಿಯಿತು. ಮುಗಿಯದೆ ಉಳಿದದ್ದು ಆ ಮಾತು, "ಬಸ್ಸಲ್ಲಿ ಬರ್ಬೇಕಿತ್ತಲ್ಲ ಅಕ್ಕ." ರವಿಕೆಯ ಮೇಲೆ ಅಂಗೈಯಗಲದ ಒದ್ದೆ ಕಾಣಬಾರದು ಎಂದು ಮಗುವಿನ ಊಟವನ್ನೇ ನಿಲ್ಲಿಸಲು ಒಪ್ಪಿಕೊಂಡ ಮಾತು ಅದು.

ತಪ್ಪು ಅವಳದ್ದಲ್ಲ. ಹೆರಿಗೆ ವಾರ್ಡಿನಿಂದ ಮನೆಗೆ ಕಳಿಸುವಾಗ ತಾಯಿ ಕಾರ್ಡು, ಕಬ್ಬಿಣದ ಮಾತ್ರೆ, ಮುಂದಿನ ಇಂಜೆಕ್ಷನ್ ತಾರೀಕು ಎಲ್ಲ ಕೊಡುತ್ತೇವೆ. ಹಾಲು ಸೋರಿದರೆ ಏನು ಮಾಡಬೇಕು ಎಂದು ಯಾರೂ ಹೇಳುವುದಿಲ್ಲ. ಕೇಳಿದರೆ "ಅದೆಲ್ಲ ಸಹಜ, ಸರಿಹೋಗುತ್ತೆ" ಎನ್ನುತ್ತೇವೆ. ಸಹಜ ಎಂದು ಹೇಳಿದ ಮಾತ್ರಕ್ಕೆ ಒದ್ದೆ ಬಟ್ಟೆ ಒಣಗುವುದಿಲ್ಲ.

ಹಸು ಕರುವನ್ನು ಕಂಡೊಡನೆ ಸೊರೆ ಬಿಡುತ್ತದಲ್ಲ, ಇದೂ ಅದೇ. ಮಗು ಎದೆ ಚೀಪಿದಾಗ, ಅತ್ತಾಗ, ಕೆಲವೊಮ್ಮೆ ಬೇರೆಯವರ ಮಗು ಅತ್ತಾಗಲೂ ಮಿದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿಯಿಂದ ಆಕ್ಸಿಟೋಸಿನ್ ರಕ್ತಕ್ಕೆ ಸೇರುತ್ತದೆ. ಹಾಲಿನ ಚೀಲಗಳ ಸುತ್ತ ಇರುವ ಪುಟ್ಟ ಸ್ನಾಯುಗಳು ಹಿಂಡಿಕೊಳ್ಳುತ್ತವೆ. ರಕ್ತ ಎರಡೂ ಕಡೆ ಹರಿಯುವುದರಿಂದ ಎರಡೂ ಎದೆ ಒಟ್ಟಿಗೆ ಹಾಲಿಳಿಸುತ್ತವೆ. ಮಗು ಬಲಗಡೆ ಕುಡಿಯುತ್ತಿದ್ದರೆ ಎಡಗಡೆ ತೊಟ್ಟಿಕ್ಕುವುದು ಅದಕ್ಕೇ. ಮೊದಲ ವಾರಗಳಲ್ಲಿ ಮಗುವಿಗೆ ಎಷ್ಟು ಬೇಕು ಎಂಬ ಲೆಕ್ಕ ಮೈಗೆ ಸಿಕ್ಕಿರುವುದಿಲ್ಲ, ಹೆಚ್ಚೇ ತಯಾರಿಸುತ್ತದೆ. ಹೆಚ್ಚಿನವರಿಗೆ ಆರರಿಂದ ಹತ್ತು ವಾರದ ಹೊತ್ತಿಗೆ ಲೆಕ್ಕ ಕೂಡಿಬರುತ್ತದೆ, ಸೋರಿಕೆ ತಗ್ಗುತ್ತದೆ. ಕೆಲವರಿಗೆ ಹಾಲು ಬಿಡಿಸುವವರೆಗೂ ಅಷ್ಟಿಷ್ಟು ಇರುತ್ತದೆ. ಸೋರದವರಿಗೆ ಹಾಲಿಲ್ಲ ಎಂದೇನೂ ಅಲ್ಲ. ಮಗು ದಿನಕ್ಕೆ ಆರು ಸಲವಾದರೂ ಮೂತ್ರ ಮಾಡುತ್ತಿದ್ದರೆ, ತೂಕ ದಿನಕ್ಕೆ 20ರಿಂದ 30 ಗ್ರಾಂ ಏರುತ್ತಿದ್ದರೆ ಹಾಲು ಸಾಕಾಗುತ್ತಿದೆ.

ಹಾಗಾಗಿ ಉಪಾಯ ಬಟ್ಟೆಯಲ್ಲಿ ಮಾಡಬೇಕು, ಎದೆಯಲ್ಲಲ್ಲ.

ಹಾಲು ಹೀರಲು ಎದೆಗಿಡುವ ಪ್ಯಾಡ್ ಮನೆಯಲ್ಲೇ ಆಗುತ್ತದೆ. ಒಗೆದು ಒಗೆದು ಮೆತ್ತಗಾದ ಹಳೆಯ ಹತ್ತಿ ಪಂಚೆಗಿಂತ ಒಳ್ಳೆಯ ಬಟ್ಟೆ ಇಲ್ಲ. ಹೊಸ ಬಟ್ಟೆಗೆ ಗಿರಣಿಯ ಗಂಜಿ ಇರುತ್ತದೆ, ಹಾಲು ಹೀರದೆ ಪಕ್ಕಕ್ಕೆ ಹರಿಯುತ್ತದೆ. ಬೇರೆ ಇಲ್ಲದಿದ್ದರೆ ಮೂರು ನಾಲ್ಕು ಸಲ ಒಗೆದು ಬಳಸಿ. ಪಂಚೆ ಚೆನ್ನಾಗಿ ಹೀರುತ್ತದೆಯೋ ಎಂದು ತಿಳಿಯಲು ಒಂದು ಹನಿ ನೀರು ಬಿಟ್ಟು ನೋಡಿ. ತಕ್ಷಣ ಹೀರಿದರೆ ಸರಿ, ಮುತ್ತಿನಂತೆ ನಿಂತರೆ ಬೇಡ. ಕಾಫಿ ಕಪ್ಪಿನ ಸಾಸರ್ ಇಟ್ಟು ಗೆರೆ ಎಳೆದರೆ 12ರಿಂದ 14 ಸೆಂಟಿಮೀಟರ್ ಅಗಲದ ದುಂಡು ಬರುತ್ತದೆ. ಒಂದು ಪ್ಯಾಡಿಗೆ ಆರು ಪದರ. ಅಂಚಿನಿಂದ ನಡುವಿನ ಕಡೆಗೆ ಮೂರು ಸೆಂಟಿಮೀಟರ್ ಕತ್ತರಿಸಿ, ಕತ್ತರಿಸಿದ ಎರಡು ತುದಿಯನ್ನು ಒಂದರ ಮೇಲೊಂದು ಒಂದು ಸೆಂಟಿಮೀಟರ್ ಹತ್ತಿಸಿ ಹೊಲಿದರೆ ಬಟ್ಟಲಿನ ಆಕಾರ ಬಂದು ಎದೆಗೆ ಕೂರುತ್ತದೆ. ಸುತ್ತ ಒಂದು ಹೊಲಿಗೆ ಸಾಕು. ನಡುವೆ ದಪ್ಪ ಹೊಲಿಗೆ ಬಂದರೆ ತೊಟ್ಟು ಉಜ್ಜಿ ಕೆಂಪಾಗುತ್ತದೆ. ಹತ್ತು ಜೊತೆ ಮಾಡಿಟ್ಟರೆ ಮಳೆಗಾಲದಲ್ಲೂ ಸರದಿ ತಪ್ಪದು.

ಅಂಗಡಿಯ ಪ್ಯಾಡು ಬ್ರಾದೊಳಗೆ ಅಂಟಿಸಿ ಬಳಸಲು ಮಾಡಿದ್ದು. ಹಳ್ಳಿಯ ಅನೇಕ ಬಾಣಂತಿಯರು ಬರೀ ರವಿಕೆ ಹಾಕುತ್ತಾರೆ. ಅದರೊಳಗೆ ಪ್ಯಾಡ್ ಜಾರಿ ಹೊಟ್ಟೆಗೆ ಬಂದಿರುತ್ತದೆ. ಅಂಥವರು ರವಿಕೆಯ ಒಳಗೆ ಎದೆಯ ಭಾಗಕ್ಕೆ ಅರ್ಧಚಂದ್ರದ ಮೆತ್ತನೆ ಬಟ್ಟೆಯ ಜೇಬು ಹೊಲಿಸಲಿ, ಬಾಯಿ ಮೇಲ್ಗಡೆ. ಪ್ಯಾಡ್ ಅದರಲ್ಲಿ ಇಳಿಬಿಟ್ಟರೆ ಅಲುಗುವುದಿಲ್ಲ. ಊರಿನ ಯಾವ ಟೈಲರಮ್ಮನಿಗೂ ಹತ್ತು ನಿಮಿಷದ ಕೆಲಸ. ಬ್ರಾ ಹಾಕುವವರು ತಂತಿಯಿಲ್ಲದ್ದು, ಬಿಗಿಯಲ್ಲದ್ದು ನೋಡಿಕೊಳ್ಳಬೇಕು. ಬಿಗಿ ಬ್ರಾ, ಎದೆಗೆ ಸುತ್ತಿ ಕಟ್ಟಿದ ಬಟ್ಟೆ, ಎರಡೂ ಹಾಲಿನ ನಾಳವನ್ನು ಅದುಮಿ ಗಂಟು ಮಾಡುತ್ತವೆ.

ಪ್ಯಾಡಿನ ಹಿಂದೆ ಪ್ಲಾಸ್ಟಿಕ್ ಹಾಳೆ ಇಡುವ ಆಸೆ ಎಲ್ಲರಿಗೂ ಬರುತ್ತದೆ. ರವಿಕೆ ಒಣಗಿರುತ್ತದೆ ನಿಜ, ಆದರೆ ಒಳಗೆ ಗಾಳಿಯಾಡದೆ ತೊಟ್ಟು ಹಸಿಯಲ್ಲೇ ಕೂತು ಚರ್ಮ ಬೆಳ್ಳಗೆ ಉಬ್ಬುತ್ತದೆ, ಬಿರಿಯುತ್ತದೆ, ಫಂಗಸ್ಸಿಗೆ ಒಳ್ಳೆಯ ಜಾಗವಾಗುತ್ತದೆ. ಕೊಂಡ ಪ್ಯಾಡಾಗಲಿ ಮನೆಯದ್ದಾಗಲಿ ನೆಂದ ಕೂಡಲೇ ಬದಲಾಯಿಸಬೇಕು. ಒಣಗಿ ತೊಟ್ಟಿಗೆ ಅಂಟಿಕೊಂಡಿದ್ದರೆ ಎಳೆಯಬೇಡಿ, ನೀರು ಚಿಮುಕಿಸಿ ನೆನೆದ ಮೇಲೆ ಬಿಡಿಸಿ.

ಒಗೆಯುವಾಗ ಮೊದಲು ತಣ್ಣೀರು. ಬಿಸಿನೀರು ಹಾಕಿದರೆ ಹಾಲಿನ ಪ್ರೋಟೀನ್ ಬಟ್ಟೆಗೆ ಗಟ್ಟಿಯಾಗಿ ಕೂತು ಹಳದಿ ಕಲೆ ಉಳಿಯುತ್ತದೆ. ತಣ್ಣೀರಲ್ಲಿ ಜಾಲಾಡಿದ ಮೇಲೆ ಸೋಪು, ಆಮೇಲೆ ಬೇಕಾದರೆ ಬಿಸಿ. ಬಟ್ಟೆ ಮೆತ್ತಗಾಗಿಸುವ ಸುವಾಸನೆಯ ದ್ರವ ಬೇಡ, ಅದರ ಜಿಡ್ಡು ಹೀರಿಕೆಯನ್ನು ಕೊಲ್ಲುತ್ತದೆ. ಬಿಸಿಲಿಗೆ ಹಾಕಿ. ಬಿಸಿಲಿಲ್ಲದ ದಿನ ಇಸ್ತ್ರಿ. ನೆಂದದ್ದನ್ನು ಮುದುರಿ ಚೀಲದಲ್ಲಿಟ್ಟರೆ ಬರುವ ಕಮಟು ಹಾಲಿನ ಜಿಡ್ಡು ಕೆಟ್ಟದ್ದರಿಂದ.

ಇನ್ನು ಬಸ್ಸು. ಹೊರಡುವ ಹತ್ತು ನಿಮಿಷ ಮೊದಲು ಎರಡೂ ಕಡೆ ಕುಡಿಸಿ. ಹೂವಿನ ಚಿತ್ತಾರದ ಗಾಢ ಬಣ್ಣದ ಹತ್ತಿ ರವಿಕೆಯಲ್ಲಿ ಒದ್ದೆ ಕಾಣುವುದೇ ಇಲ್ಲ. ಪಿಸ್ತಾ ಹಸಿರು, ತಿಳಿ ನೀಲಿ, ಸಾದಾ ಸ್ಯಾಟಿನ್‌ನಲ್ಲಿ ಒಂದು ಹನಿಯೂ ಕಾಣುತ್ತದೆ. ಸೆರಗಿನ ನೆರಿಗೆಗೆ ಪಿನ್ನು ಚುಚ್ಚದೆ ಬಿಡಿಯಾಗಿ ಹೊದ್ದರೆ ಎರಡೂ ಕಡೆ ಮುಚ್ಚುತ್ತದೆ. ಚೀಲದಲ್ಲಿ ಎರಡು ಜೊತೆ ಪ್ಯಾಡ್, ಒಂದು ರವಿಕೆ, ನೆಂದದ್ದಕ್ಕೆ ಒಂದು ಕವರ್. ಎದೆ ಜುಮ್ಮೆಂದಾಗ ಕೈಕಟ್ಟಿ ಕೂತವರಂತೆ ಎರಡೂ ಮುಂಗೈಯನ್ನು ತೊಟ್ಟಿನ ಮೇಲೆ ನೇರ ಒಳಕ್ಕೆ ಹತ್ತು ಸೆಕೆಂಡು ಒತ್ತಿ ಹಿಡಿದರೆ ಹರಿವು ನಿಲ್ಲುತ್ತದೆ. ಯಾರಿಗೂ ತಿಳಿಯುವುದಿಲ್ಲ. ಇದು ಅಪರೂಪಕ್ಕೆ ಮಾತ್ರ. ಮೊದಲ ವಾರಗಳಲ್ಲಿ ದಿನವಿಡೀ ಹೀಗೆ ಒತ್ತುತ್ತಿದ್ದರೆ ಹಾಲು ಕಟ್ಟಿಕೊಳ್ಳುತ್ತದೆ.

ಮಗು ಜೊತೆಗಿಲ್ಲದೆ ಹೊರಗೆ ಹೋದಾಗ ಎದೆ ಕಲ್ಲಾದರೆ ಕೈಯಲ್ಲೇ ಹಿಂಡಿ. ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ, ತೊಟ್ಟಿನಿಂದ ಮೂರು ಸೆಂಟಿಮೀಟರ್ ಹಿಂದೆ. ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಬೆರಳು ಕೂಡಿಸಿ, ಬಿಡಿ. ಚರ್ಮದ ಮೇಲೆ ಬೆರಳು ಜಾರಿಸಬಾರದು, ತೊಟ್ಟನ್ನು ಎಳೆಯಬಾರದು. ಹಗುರಾಯಿತು ಎನಿಸಿದೊಡನೆ ನಿಲ್ಲಿಸಿ. ಪೂರ್ತಿ ಖಾಲಿ ಮಾಡಿದರೆ ಮೈ ಅದನ್ನೇ ಬೇಡಿಕೆ ಎಂದು ತಿಳಿದು ನಾಳೆ ಇನ್ನಷ್ಟು ತಯಾರಿಸುತ್ತದೆ, ಸೋರಿಕೆ ಹೆಚ್ಚುತ್ತದೆ. ಮಗು ಒಂದು ಕಡೆ ಕುಡಿಯುವಾಗ ಇನ್ನೊಂದು ಎದೆಗೆ ಕಚ್ಚಿಸುವ ಸಿಲಿಕೋನ್ ಪಂಪುಗಳಲ್ಲಿ ಆಗುವ ಎಡವಟ್ಟು ಇದೇ. ಸೋರುವುದನ್ನು ಹಿಡಿಯುತ್ತಿದ್ದೇವೆ ಎಂದುಕೊಂಡಿರುತ್ತಾರೆ, ಅದು ಎಳೆದು ತೆಗೆಯುತ್ತಿರುತ್ತದೆ.

ಸೋರಿದ ಹಾಲು ಕುಡಿಸಬಹುದೇ ಎಂದು ಬಹಳ ಜನ ಕೇಳುತ್ತಾರೆ. ಕುದಿಸಿ ಆರಿಸಿದ ಬಟ್ಟಲಿನಲ್ಲಿ ಹಾಲೂಡುವ ಹೊತ್ತಿನಲ್ಲಷ್ಟೇ ಹಿಡಿದದ್ದಾದರೆ ಸರಿ. ಸೋರಿದ್ದನ್ನು ಹಿಡಿಯಲು ರವಿಕೆಯೊಳಗೆ ಇಟ್ಟುಕೊಳ್ಳುವ ಚಿಪ್ಪಿನಲ್ಲಿ ಗಂಟೆಗಟ್ಟಲೆ ಮೈಬಿಸಿಗೆ ಕೂತದ್ದು ಚೆಲ್ಲಬೇಕು. ತಾನಾಗಿ ತೊಟ್ಟಿಕ್ಕುವ ಹಾಲಿನಲ್ಲಿ ಕೊಬ್ಬು ಕಡಿಮೆ, ಅದೊಂದರಲ್ಲೇ ಮಗುವಿನ ಹೊಟ್ಟೆ ತುಂಬಿಸಲಾಗದು. ಹಿಂಡಿದ ಹಾಲು 25 ಡಿಗ್ರಿಯೊಳಗಿನ ಕೋಣೆಯಲ್ಲಿ ನಾಲ್ಕು ಗಂಟೆ ಇರುತ್ತದೆ. ನಮ್ಮ ಏಪ್ರಿಲ್ ತಿಂಗಳಿಗೆ ಆ ಲೆಕ್ಕ ಹಿಡಿಯಬೇಡಿ, ಬೇಗ ಕುಡಿಸಿ ಇಲ್ಲವೇ ಫ್ರಿಜ್ಜಿಗಿಡಿ.

ದೊಡ್ಡಮ್ಮ ಇನ್ನೊಂದು ಮಾತೂ ಹೇಳಿದರು. "ನೀರು ಕಮ್ಮಿ ಮಾಡ್ಸಿದೀನಿ." ಬಾಣಂತಿಗೆ ನೀರು ಕೊಡಬಾರದು ಎಂಬ ಹಳೆಯ ಕಟ್ಟಳೆಗೆ ಸೋರಿಕೆ ಹೊಸ ನೆಪವಾಗಿದೆ. ಹಾಲುಣಿಸುವ ಹೆಂಗಸನ್ನು ಬಾಯಾರಿಸುವುದು ಹಿಂಸೆ. ಸೋರುವುದೂ ನಿಲ್ಲದು, ಮಲಬದ್ಧತೆ ತಲೆಸುತ್ತು ಜೊತೆಗೂಡುತ್ತವೆ. ಬಾಯಾರಿದಷ್ಟೂ ಕುಡಿಯಲಿ, ಪ್ರತಿಸಲ ಹಾಲೂಡುವಾಗ ಪಕ್ಕದಲ್ಲಿ ಒಂದು ಲೋಟ ನೀರಿರಲಿ.

ಎದೆಯ ಒಂದು ಕಡೆ ಕೆಂಪಾಗಿ ಗಟ್ಟಿಯಾಗಿ, ಚಳಿ ಜ್ವರ ಬಂದರೆ ಅದು ಸೋರಿಕೆಯ ಮಾತಲ್ಲ. ಮಗುವಿಗೆ ಕುಡಿಸುವುದನ್ನು ನಿಲ್ಲಿಸದೆ ತಣ್ಣನೆ ಬಟ್ಟೆ ಇಟ್ಟುಕೊಂಡು ಅದೇ ದಿನ ಡಾಕ್ಟರಿಗೆ ತೋರಿಸಬೇಕು. ಗಂಟನ್ನು ಜೋರಾಗಿ ತಿಕ್ಕುವುದರಿಂದ ಬಾವು ಹೆಚ್ಚುತ್ತದೆ.

ದೊಡ್ಡಮ್ಮನ ಮೇಲೆ ಸಿಟ್ಟು ಬರಲಿಲ್ಲ. ರಾತ್ರಿ ಕೂತು ದಂಡೆ ಕಟ್ಟಿದ್ದು ಆ ಹುಡುಗಿ ನಾಲ್ಕು ಜನರ ಮುಂದೆ ಕುಗ್ಗಬಾರದು ಎಂದೇ. ಸಿಟ್ಟು ಬಂದದ್ದು ಆ ನಾಲ್ಕು ಜನರ ಮೇಲೆ. ಬಾಗಿಲಾಚೆ ಮೊಬೈಲ್ ಹಿಡಿದು ನಿಂತಿದ್ದ ಗಂಡನ ಮೇಲೂ ಬಂತು; ಹೆಂಡತಿಯ ಪಕ್ಕದಲ್ಲಿ ಕೂತು, ಅವನ ಹೆಗಲ ಟವೆಲ್ಲನ್ನು ಅವಳಿಗೆ ಹೊದಿಸಿದ್ದರೆ ಅರ್ಧ ಚಿಂತೆ ಅಲ್ಲೇ ಕಳೆಯುತ್ತಿತ್ತು. ಮಗುವಿನ ಮೂತ್ರದಿಂದ ಸೀರೆ ಒದ್ದೆಯಾದರೆ ಬಸ್ಸಿನಲ್ಲಿ ಎಲ್ಲರೂ ನಗುತ್ತಾರೆ, ಮಗುವನ್ನು ಮುದ್ದಾಡುತ್ತಾರೆ. ಅದೇ ಮಗುವಿನ ಹಾಲಿನಿಂದ ಒದ್ದೆಯಾದರೆ ಮುಖ ತಿರುಗಿಸುತ್ತಾರೆ, ಇಲ್ಲ ನೆಟ್ಟ ನೋಟ ಕೀಳುವುದಿಲ್ಲ.

ಹೊರಡುವ ಮುಂಚೆ ಡ್ರೆಸ್ಸಿಂಗಿನ ಹತ್ತಿ ಗಾಜ್ ಮಡಚಿ ಎಂಟೆಂಟು ಪದರ ಮಾಡಿ ಎರಡೂ ಕಡೆ ಇಟ್ಟು, ಪ್ಯಾಡ್ ಹೊಲಿಯುವುದನ್ನೂ ಹೇಳಿ ಕಳಿಸಿದ್ದಾಯಿತು. ಬಾಗಿಲ ತನಕ ಹೋದ ದೊಡ್ಡಮ್ಮ ವಾಪಸ್ ಬಂದರು. "ಸಾಸರ್ ಇಲ್ಲ ನಮ್ಮನೇಲಿ, ಲೋಟ್ದಲ್ಲೇ ಕುಡಿಯೋದು. ಅಳತೆಗೇನಿಡ್ಲಿ?" ಅಲ್ಲಿದ್ದ ಡಬ್ಬಗಳ ಮುಚ್ಚಳ ಒಂದೊಂದಾಗಿ ಅಂಗೈ ಮೇಲಿಟ್ಟು ನೋಡಿ, ಒಂದನ್ನು ಆರಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು.