ಮುಳ್ಳೂರಿನ ಕಲ್ಲು ಓದಿದ ಮಧ್ಯಾಹ್ನ

ರಾಜಾಸೀಟು, ಅಬ್ಬಿ ಜಲಪಾತ, ದುಬಾರೆಯ ಆನೆಗಳು ಎಲ್ಲವೂ ಆದವು. ಮಕ್ಕಳು ಖುಷಿಪಟ್ಟರು; ನನಗೆ ಜನಜಂಗುಳಿಯ ಹೊರತು ಹೆಚ್ಚೇನೂ ನೆನಪಿಲ್ಲ. ಕೊಡಗಿನ ಪ್ರವಾಸದ ಬಗ್ಗೆ ಬರೆಯಲೇಬೇಕು ಅನ್ನಿಸಿದ್ದು ಮುಳ್ಳೂರನ್ನು ನೋಡಿದ ಮೇಲೆ.

ಕೊಡಗಿನ ಚರಿತ್ರೆ ಎಂದೊಡನೆ ಎಲ್ಲರೂ ಹಾಲೇರಿ ಅರಸರಿಂದ ಮಾತು ಶುರುಮಾಡುತ್ತಾರೆ. ಅವರಿಗಿಂತ ಆರು ಶತಮಾನಗಳ ಹಿಂದೆಯೇ ಕಾವೇರಿ ಮತ್ತು ಹೇಮಾವತಿಯ ನಡುವಣ ನಾಡನ್ನು ಕೊಂಗಾಳ್ವರು ಆಳುತ್ತಿದ್ದರು. ಪನಸೋಗೆಯ ಕಾಳಗದಲ್ಲಿ ಚೋಳರ ಪರವಾಗಿ ಹೋರಾಡಿದ ಮನಿಜನೆಂಬ ವೀರನಿಗೆ ರಾಜರಾಜ ಚೋಳನು 'ಕ್ಷತ್ರಿಯ ಶಿಖಾಮಣಿ ಕೊಂಗಾಳ್ವ' ಎಂಬ ಬಿರುದನ್ನೂ ಮಾಲವ್ವಿಯನ್ನೂ ಕೊಟ್ಟನು. ಆ ಮಾಲವ್ವಿಯೇ ಇಂದಿನ ಮಾಲಂಬಿ. ಕೊಂಗಾಳ್ವರ ಮುಖ್ಯ ನೆಲೆಯಾಗಿದ್ದ ಮುಳ್ಳೂರು ಈಗ ಶನಿವಾರಸಂತೆಯ ಬಳಿಯ ಒಂದು ಹಳ್ಳಿ.

ನಾವು ಉಳಿದುಕೊಂಡಿದ್ದ ವಸತಿಗೃಹದವರು "ಅಲ್ಲಿ ಏನಿದೆ ಸಾರ್, ನಾಲ್ಕು ಕಲ್ಲು" ಎಂದು, ಮುಳ್ಳೂರಿಗೆ ಹೊರಟ ನನ್ನ ಭಾವನನ್ನು ತಡೆಯಲು ನೋಡಿದರು. ಆ ಮಾತು ಈಗಲೂ ನನಗೆ ಚುಚ್ಚುತ್ತದೆ. ಅದು ಸಾಲದೆಂಬಂತೆ ಮೊಬೈಲ್ ನಕಾಶೆ ನಮ್ಮನ್ನು ಯಾರದೋ ಕಾಫಿ ತೋಟದ ದಾರಿಗೆ ನುಗ್ಗಿಸಿತು. ಮುಂದೆ ಬೀಗ ಹಾಕಿದ ಗೇಟು, ಎರಡೂ ಬದಿಗೆ ಬೇಲಿ, ಕಾರು ತಿರುಗಿಸಲು ಜಾಗವಿಲ್ಲ. ಹೋಗುವವರು ಶನಿವಾರಸಂತೆಯಲ್ಲೇ ದಾರಿ ಕೇಳಿಕೊಂಡು, ಅಲ್ಲೇ ಊಟ ಮುಗಿಸಿ ಹೊರಡಿ. ಹಸಿದ ಮಕ್ಕಳನ್ನು ಕರೆದುಕೊಂಡು ಶಾಸನ ನೋಡಲಾಗುವುದಿಲ್ಲ.

ಪಾರ್ಶ್ವನಾಥ, ಶಾಂತಿನಾಥ, ಚಂದ್ರನಾಥರ ಮೂರು ಬಸದಿಗಳು ಇಲ್ಲಿವೆ. ಹಳೇಬೀಡಿನ ಕುಸುರಿಯನ್ನು ಬಯಸಿ ಬಂದವರಿಗೆ ನಿರಾಸೆಯಾಗಬಹುದು. ನನಗೆ ಈ ಸರಳ ಗೋಡೆಗಳೇ ಹೆಚ್ಚು ಹಿಡಿಸಿದವು. ಕಣ್ಣು ಎಲ್ಲಿಯೂ ಚೆದುರುವುದಿಲ್ಲ. ಅರಮನೆಯ ಕುರುಹೇನೂ ನನ್ನ ಕಣ್ಣಿಗೆ ಬೀಳಲಿಲ್ಲ. ಆದರೆ ಇಲ್ಲಿ ಬರಹಗಳಿವೆ.

ಭಾವ ಪ್ರೌಢಶಾಲೆಯಲ್ಲಿ ಇತಿಹಾಸದ ಮೇಷ್ಟ್ರು. ಶಾಸನತಜ್ಞ ಬಿ.ಎಲ್. ರೈಸ್ 1886ರಲ್ಲಿ ಪ್ರಕಟಿಸಿದ ಕೊಡಗಿನ ಶಾಸನಗಳ ಪುಟಗಳನ್ನು ಮುದ್ರಿಸಿ ತಂದಿದ್ದರು. ಕಲ್ಲನ್ನು ನೇರವಾಗಿ ನೋಡಿದರೆ ಹಾವಸೆಯ ಕಲೆಗಳಷ್ಟೇ ಕಾಣುತ್ತಿದ್ದವು. ಅವರು ಮಗಳ ಕೈಗೆ ಮೊಬೈಲ್ ಕೊಟ್ಟು, ದೀಪವನ್ನು ಕಲ್ಲಿನ ಅಂಚಿಗೆ ತಾಗುವಂತೆ ಪಕ್ಕದಿಂದ ಹಿಡಿಯಲು ಹೇಳಿದರು. ಒಡನೆಯೇ ಪ್ರತಿ ಗೀರಿನಲ್ಲೂ ನೆರಳು ತುಂಬಿ ಸಾಲುಗಳು ಎದ್ದು ನಿಂತವು. "ಇದು ಗ! ಇದು ನ!" ಎಂದು ಅವಳು ಕೂಗಿದಾಗ ನನಗೆ ಮೈ ಜುಮ್ಮೆಂದಿತು. ಸಾವಿರ ವರ್ಷದ ಹಿಂದಿನ ಅಕ್ಷರ ಎಂಟನೆಯ ತರಗತಿಯ ಹುಡುಗಿಗೆ ಗುರುತು ಸಿಕ್ಕಿತ್ತು! ಅಂದಹಾಗೆ, ಅಕ್ಷರ ಕಾಣಲೆಂದು ಕಲ್ಲಿಗೆ ಸೀಮೆಸುಣ್ಣ ತಿಕ್ಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಬೆಳಕೊಂದೇ ಸಾಕು.

ಅಷ್ಟರಲ್ಲಿ ಹೆಗಲ ಮೇಲೆ ಟವೆಲ್ ಹಾಕಿಕೊಂಡ ವೃದ್ಧರೊಬ್ಬರು ಬಂದು ನಿಂತರು. ಬರುವವರು ದೇವರಿಗೆ ಕೈಮುಗಿದು ಹೋಗುತ್ತಾರೆ, ಕಲ್ಲಿನ ಮುಂದೆ ಕೂರುವವರು ಅಪರೂಪ ಎಂದರು. ಆಮೇಲೆ ತುಸು ಸಂಕೋಚದಿಂದ, "ಅದರಲ್ಲಿ ಏನು ಬರೆದಿದೆ ಮೇಷ್ಟ್ರೇ? ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ, ಯಾರೂ ಹೇಳಿಲ್ಲ" ಎಂದು ಕೇಳಿದರು.

ಭಾವ ನೆಲದ ಮೇಲೆ ಕುಳಿತು ಒಂದೊಂದಾಗಿ ಹೇಳಿದರು. ರಾಜೇಂದ್ರ ಕೊಂಗಾಳ್ವನು ತನ್ನ ತಂದೆ ಕಟ್ಟಿಸಿದ ಬಸದಿಗೆ ದತ್ತಿ ಬಿಟ್ಟದ್ದು. ಅವನ ತಾಯಿ ಪೋಚಬ್ಬರಸಿ 1058ರಲ್ಲಿ ಬಸದಿ ಕಟ್ಟಿಸಿ, ತನ್ನ ಗುರು ಗುಣಸೇನ ಪಂಡಿತರ ಮೂರ್ತಿ ಮಾಡಿಸಿದ್ದು. ಆ ಗುಣಸೇನರು ನಕರದ, ಅಂದರೆ ವರ್ತಕ ಸಂಘದ, ಧರ್ಮವಾಗಿ ನಾಗಬಾವಿಯನ್ನು ತೋಡಿಸಿದ್ದು.

"ಬಾವಿ ತೋಡಿಸಿದ್ದನ್ನೂ ಬರೆದಿದ್ದಾರೆಯೇ?" ಅಜ್ಜನ ಮುಖ ಅರಳಿತು.

"ಬರೆದಿದ್ದಾರೆ ಅಜ್ಜ."

"ಬರೆಯಬೇಕಾದ್ದೇ. ನಮ್ಮ ಬಾವಿ ತೋಡುವಾಗ ಬಂಡೆ ಸಿಕ್ಕಿ ಎರಡು ಬೇಸಿಗೆ ಹಿಡಿಯಿತು. ನಮ್ಮಪ್ಪನ ಕೈ ಬೊಬ್ಬೆ ಎದ್ದು ಹೋಗಿತ್ತು." ಸ್ವಲ್ಪ ತಡೆದು ಮತ್ತೆ ಕೇಳಿದರು: "ವರ್ತಕರ ಸಂಘ ಇತ್ತು ಎಂದರೆ ಇದು ದೊಡ್ಡ ಪೇಟೆಯೇ ಆಗಿರಬೇಕಲ್ಲ?"

ನಾವು ಇಡೀ ದಿನ ಹುಡುಕುತ್ತಿದ್ದ ಪಟ್ಟಣವನ್ನು ಅವರು ಒಂದೇ ಪ್ರಶ್ನೆಯಲ್ಲಿ ಕಂಡುಬಿಟ್ಟಿದ್ದರು. ನನ್ನ ಅತ್ತೆಯವರ ಮನಸ್ಸು ಮಾತ್ರ ಪೋಚಬ್ಬರಸಿಯ ಮೇಲೆಯೇ ನೆಟ್ಟಿತ್ತು. ಹೆಸರು ಯಾವ ಸಾಲಿನಲ್ಲಿದೆ ಎಂದು ತೋರಿಸುವವರೆಗೂ ಅವರು ಅಲ್ಲಿಂದ ಕದಲಲಿಲ್ಲ.

ಇಷ್ಟು ಹತ್ತಿರ ಬಾಳುವವರಿಗೆ ತಮ್ಮ ಊರಿನ ಕಲ್ಲು ಏನು ಹೇಳುತ್ತದೆ ಎಂದು ಗೊತ್ತಾಗಲು ಮೈಸೂರಿನಿಂದ ಮೇಷ್ಟ್ರೊಬ್ಬರು ಬರಬೇಕಾಯಿತು. ಇದು ಸಲ್ಲದು. ಸ್ಮಾರಕವನ್ನು ಹಾಳುಮಾಡಿದರೆ ಶಿಕ್ಷೆ ಎಂಬ ಎಚ್ಚರಿಕೆಯ ಫಲಕಗಳನ್ನು ಹಳೆಯ ಗುಡಿಗಳ ಮುಂದೆ ಎಷ್ಟೋ ಕಡೆ ನೋಡಿದ್ದೇನೆ. ಮುಳ್ಳೂರಿನ ಪ್ರತಿ ಶಾಸನದ ಪಕ್ಕದಲ್ಲಿ ಅದರ ಸಾರವನ್ನು ಹೊಸಗನ್ನಡದಲ್ಲಿ, ಕನ್ನಡಕವಿಲ್ಲದೆ ಓದುವಷ್ಟು ದೊಡ್ಡ ಅಕ್ಷರದಲ್ಲಿ ಬರೆಸಿ ನಿಲ್ಲಿಸಬೇಕು. ಆ ಅಜ್ಜನ ವಿಳಾಸವನ್ನು ಭಾವ ಬರೆದುಕೊಂಡಿದ್ದಾರೆ; ಶಾಸನಗಳ ಪಾಠವನ್ನೂ ಅರ್ಥವನ್ನೂ ದಪ್ಪ ಅಕ್ಷರದಲ್ಲಿ ಬರೆದು ಈ ವಾರ ಅಂಚೆಗೆ ಹಾಕುತ್ತಾರೆ.